ಟಕ್ಕಣ್ಣನ ಕಿವಿ

ಅವರನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಏಳನೆಯ ಶಿಲ್ಪದ ಎದುರು. ನಾನು ಕೆಲಸಕ್ಕೆ ಸೇರಿ ಅದು ಮೂರನೆಯ ದಿನ. ಜನ ನಡೆದಾಡಲು ದಾರಿಗಳಿರುವ, ಮರಗಳ ನಡುವೆ ಅಲ್ಲಲ್ಲಿ ಶಿಲ್ಪಗಳನ್ನು ನಿಲ್ಲಿಸಿರುವ ಒಂದು ವನದ ಕಚೇರಿಯಲ್ಲಿ ದಾಖಲೆ ನೋಡಿಕೊಳ್ಳುವ ಕೆಲಸ. ಮೂವತ್ತೊಂದು ಶಿಲ್ಪಗಳೂ ಪಟ್ಟಿಯಲ್ಲಿ ಬರೆದ ಜಾಗದಲ್ಲೇ ಇವೆಯೇ, ಯಾವುದರ ಮೂಗು ಹೋಗಿದೆ, ಯಾವುದಕ್ಕೆ ಪಾಚಿ ಹತ್ತಿದೆ ಎಂದು ಕಣ್ಣಾರೆ ನೋಡಿ ಗುರುತು ಹಾಕಿಕೊಂಡು ಬಾ ಎಂದು ಮೇಲ್ವಿಚಾರಕಿ ಕಳಿಸಿದ್ದರು. ಹೊಸ ಕೆಲಸ. ಪಟ್ಟಿಯನ್ನು ರಟ್ಟಿಗೆ ಸಿಕ್ಕಿಸಿ, ಎರಡು ಪೆನ್ಸಿಲು ಚೂಪು ಮಾಡಿಕೊಂಡು ಹೊರಟಿದ್ದೆ.

ಏಳನೆಯ ಶಿಲ್ಪವೆಂದರೆ ಹನ್ನೊಂದು ಉಕ್ಕಿನ ಕೊಳವೆಗಳ ಸಾಲು. ಕೆಲವು ಆಳೆತ್ತರ, ಕೆಲವು ಅದರ ಮೂರರಷ್ಟು. ಪ್ರತಿಯೊಂದಕ್ಕೂ ಒಂದು ಸೀಳಿದೆ. ಗಾಳಿ ಆ ಸೀಳಿಗೆ ತಾಗಿದರೆ ಸಣ್ಣಗೆ ಶಿಳ್ಳೆ ಹೊಡೆಯುತ್ತದೆ. ಆ ಬೆಳಿಗ್ಗೆ ಅದು ಶಿಳ್ಳೆ ಹೊಡೆಯುತ್ತಲೇ ಇತ್ತು. ದಾರಿಯ ತಿರುವಿನಿಂದಲೇ ಕೇಳಿಸಿತ್ತು, ಅದನ್ನು ಹಿಡಿದೇ ನಾನು ಬಂದದ್ದು. ಕೊಳವೆಗಳ ಮುಂದೆ ಒಬ್ಬರು ನನಗೆ ಬೆನ್ನು ಹಾಕಿ ನಿಂತಿದ್ದರು. ಮಾಸಿದ ಹಸಿರು ಅಂಗಿ, ಮೊಣಕೈಯಲ್ಲಿ ತೇಪೆ, ಮಣ್ಣು ಮೆತ್ತಿದ ಬೂಟು, ಸೊಂಟದ ಪಟ್ಟಿಗೆ ಸಿಕ್ಕಿಸಿದ ಒಂದು ಮರದ ಕೊಡತಿ.

“ಚೆನ್ನಾಗಿ ಹಾಡ್ತಿದೆ ಅಲ್ವಾ?” ಅಂದೆ.

ಅವರು ತಿರುಗಲಿಲ್ಲ. ಮತ್ತೊಮ್ಮೆ ಹೇಳಿದೆ. ಆಗಲೂ ಇಲ್ಲ. ಹೊಸಬರನ್ನು ಮಾತಾಡಿಸದ ಬಿಗುಮಾನದ ಮನುಷ್ಯ ಅಂದುಕೊಂಡು ಎರಡು ಹೆಜ್ಜೆ ಮುಂದಿಟ್ಟೆ. ನನ್ನ ನೆರಳು ಅವರ ಬೂಟಿನ ಪಕ್ಕ ಬಿತ್ತು. ಅವರು ಹಾವು ಕಂಡವರಂತೆ ಬೆಚ್ಚಿ ತಿರುಗಿದರು. ನಾನು ಅದೇ ಮಾತನ್ನು ಮೂರನೆಯ ಸಲ ಹೇಳಿದೆ. ಅವರು ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ತಲೆಯೆತ್ತಿ ಮರಗಳ ತುದಿ ನೋಡಿದರು. ಎಲೆಗಳು ಅಲುಗುತ್ತಿದ್ದವು. ಆಗ ಅವರ ಮುಖದಲ್ಲಿ ನಗು ಬಂತು.

“ಹೌದಮ್ಮ, ಗಾಳಿ ಇದೆಯಲ್ಲ. ಹಾಡಲೇಬೇಕು.”

ನಮ್ಮ ಹಳ್ಳಿಯಲ್ಲಿ ಯಾರನ್ನು ಏನು ಕೇಳಿದರೂ ಒಮ್ಮೆ ಆಕಾಶ ನೋಡಿಯೇ ಉತ್ತರ ಕೊಡುವುದು. ಹಾಗಾಗಿ ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಅವರು ಕೊಡತಿ ತೆಗೆದು ಒಂದು ಕೊಳವೆಗೆ ಮೆಲ್ಲಗೆ ತಟ್ಟಿ ಹೇಳಿದರು: “ನೋಡು, ಈ ಕಾಡಲ್ಲಿ ಟೊಳ್ಳಾಗಿದ್ರೂ ನಂಬಬಹುದಾದೋರು ಅಂದ್ರೆ ಇವರು ಮಾತ್ರ. ಮಿಕ್ಕೋರು ಟೊಳ್ಳಾದ್ರೆ ತಲೆ ಮೇಲೆ ಬೀಳ್ತಾರೆ.”

ನಾನು ನಕ್ಕು, ಪಟ್ಟಿಯಲ್ಲಿ ಏಳರ ಮುಂದೆ ಗುರುತು ಹಾಕಿ ಮುಂದೆ ಹೋದೆ.

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬೆಳಿಗ್ಗೆ ನಡೆಯಲು ಬರುವವರು ಇಟ್ಟ ಹೆಸರು ಟಕ್ಕಣ್ಣ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮರ ಕಡಿಯುವವರ ಗುಂಪಿನ ಜೊತೆ ಇಲ್ಲಿಗೆ ಬಂದವರು. ಆಗ ಇಲ್ಲಿ ದಾರಿಯೂ ಇರಲಿಲ್ಲ, ಶಿಲ್ಪವೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಗುಂಪು ಹೋಯಿತು, ಇವರು ಉಳಿದರು. ಈಗಿರುವ ಮೂರು ದಾರಿಗಳು ಇವರು ಹಗ್ಗ ಹಿಡಿದು ನಡೆದ ಗೆರೆಯ ಮೇಲೇ ಇವೆ. ಆಮೇಲೆ ಲಾರಿಗಳಲ್ಲಿ ಒಂದೊಂದೇ ಶಿಲ್ಪ ಬಂದಾಗ ಒಂದೊಂದಕ್ಕೂ ನೆಲ ಹದ ಮಾಡಿದವರೂ ಇವರೇ.

ಆದರೆ ಅವರು ಹೆಸರಾದದ್ದು ಕಿವಿಯಿಂದ. ದಾರಿಯ ಅಂಚಿನ ಆರುನೂರ ನಲವತ್ತು ಮರಗಳಿಗೆ ನಂಬರಿನ ತಗಡಿನ ಬಿಲ್ಲೆ ಹೊಡೆದಿದೆ. ವರ್ಷಕ್ಕೆ ಎರಡು ಸುತ್ತು, ಮಳೆಗೆ ಮೊದಲು ಒಂದು, ಎಲೆ ಉದುರಿದ ಮೇಲೆ ಒಂದು, ಪ್ರತಿ ಮರವನ್ನೂ ಕೊಡತಿಯಿಂದ ತಟ್ಟಿ ಅವರು ಕಿವಿಗೊಡುತ್ತಿದ್ದರು. ಗಟ್ಟಿ ಮರ ಚುರುಕಾಗಿ ಸದ್ದು ಕೊಡುತ್ತದೆ, ಒಳಗೆ ಕೊಳೆತದ್ದು ಮಂಕಾಗಿ. ಆಮೇಲೆ ಮರದ ಪುಸ್ತಕದಲ್ಲಿ ನಂಬರಿನ ಮುಂದೆ ಮೂರರಲ್ಲಿ ಒಂದು ಮಾತು: ಸರಿ, ನೋಡಬೇಕು, ಕಡಿಯಬೇಕು. ಅವರು “ಸರಿ” ಎಂದು ಬರೆದ ಮರದ ಕೆಳಗೆ ಜನ ಚಾಪೆ ಹಾಸಿ ಮಲಗುತ್ತಾರೆ, ಮಗುವನ್ನು ಆಡಲು ಬಿಡುತ್ತಾರೆ. ಹಿಂದೆ ಒಮ್ಮೆ ಮೈತುಂಬ ಹಸಿರಿದ್ದ ದೊಡ್ಡ ಮರವನ್ನು ಕಡಿಯಬೇಕು ಅಂದಾಗ ಎಲ್ಲರೂ ನಕ್ಕಿದ್ದರಂತೆ. ಕಡಿದರೆ ಒಳಗೆ ಬರೀ ಪುಡಿ. ಅಂದಿನಿಂದ “ಟಕ್ಕಣ್ಣ ಸರಿ ಅಂದ್ರೆ ಸರಿ” ಅನ್ನುವುದು ಕಚೇರಿಯ ಗಾದೆಯೇ ಆಗಿಹೋಗಿತ್ತು. ಚಹಾ ಹೇಗಿದೆ ಅಂದರೂ “ಟಕ್ಕಣ್ಣ ಸರಿ ಅಂದಿದಾರೆ, ಕುಡಿ” ಅನ್ನುವರು.

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಗರಗಸದ ಯಂತ್ರ ಹಿಡಿದವರು ಯಾರೂ ಕಿವಿಗೆ ಕವರ್ ಹಾಕಬಾರದು. ಕಚೇರಿಯಿಂದ ಕೊಟ್ಟ ಹೊಸ ಕವರುಗಳು ಪೊಟ್ಟಣ ಒಡೆಯದೆ ಉಪಕರಣಗಳ ಕೋಣೆಯ ಅಟ್ಟದಲ್ಲಿ ಬಿದ್ದಿದ್ದವು. “ಮರ ಬೀಳೋ ಮುಂಚೆ ಒಂದೇ ಒಂದು ಸಲ ‘ಚಟ್’ ಅಂತ ಹೇಳುತ್ತೆ. ಆಗ ಕೇಳಿಸ್ಕೊಳ್ಳದೆ ಇದ್ರೆ ಆಮೇಲೆ ಕೇಳೋಕೆ ನೀನಿರಲ್ಲ,” ಅನ್ನುತ್ತಿದ್ದರು. ಮೂವತ್ತು ವರ್ಷ ಬರಿಗಿವಿಯಲ್ಲೇ ಗರಗಸ ಹಿಡಿದರು. ಇವರ ಕೈಕೆಳಗೆ ಒಬ್ಬರಿಗೂ ಮರ ಬಿದ್ದು ಪೆಟ್ಟಾಗಲಿಲ್ಲ. ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ, ಬೇಕಾದಾಗ ಗರಗಸವನ್ನೂ ಹಿಡಿಯುತ್ತಿದ್ದ ಹುಲ್ಲಣ್ಣನಿಗೂ ಇವರೇ ಗುರು.

ಸೇರಿದ ಎರಡನೆಯ ತಿಂಗಳಲ್ಲಿ ಒಂದು ದಿನ ನಾನು ಕೊಳವೆಗಳ ಹತ್ತಿರ ಹೋಗುತ್ತಿದ್ದೆ. ಮರದ ತುದಿಯಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಆದರೆ ಕೊಳದ ಕಡೆಯಿಂದ ನೆಲದ ಮೇಲೇ ತೆಳ್ಳಗೆ ಗಾಳಿ ಬರುತ್ತಿತ್ತು, ಗಿಡ್ಡ ಕೊಳವೆಗಳು ಒಂದೇ ಸಮ ಶಿಳ್ಳೆ ಹೊಡೆಯುತ್ತಿದ್ದವು. ನೋಡಲು ಬಂದ ಗಂಡ ಹೆಂಡತಿ ಟಕ್ಕಣ್ಣನನ್ನು ಕೇಳಿದರು, “ಇದು ಹೇಗೆ ಶಬ್ದ ಮಾಡುತ್ತೆ?”

ಅವರು ತಲೆಯೆತ್ತಿ ಮರದ ತುದಿ ನೋಡಿ ಹೇಳಿದರು, “ಇವತ್ತು ಗಾಳಿ ಇಲ್ಲಮ್ಮ. ಶಬ್ದ ಬರಲ್ಲ. ಸಂಜೆ ಬನ್ನಿ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಗೊಳ್ಳೆಂದು ನಕ್ಕರು. ಒಳ್ಳೆ ತಮಾಷೆಯ ಮನುಷ್ಯ ಅಂದುಕೊಂಡಿರಬೇಕು. ಅವರು ನಕ್ಕದ್ದು ಕಂಡು ಟಕ್ಕಣ್ಣನೂ ನಕ್ಕರು. ಅವರಿಬ್ಬರು ತಿರುವು ದಾಟಿದ ಮೇಲೆ ಆ ನಗು ಹಾಗೇ ಆರಿತು. ಅವರು ಗಿಡ್ಡ ಕೊಳವೆಯ ಮೇಲೆ ಅಂಗೈ ಇಟ್ಟರು. ಕಾದ ಹೆಂಚು ಮುಟ್ಟಿದವರಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಕೊಳವೆ ನಡುಗುತ್ತಿದ್ದುದು ಕೈಗೆ ತಿಳಿದಿತ್ತು. ನಾನು ಮರದ ಮರೆಯಲ್ಲಿ ನಿಂತವಳು ಸದ್ದಿಲ್ಲದೆ ಹಿಂದಿರುಗಿದೆ. ಆಮೇಲೆ ಹೊಳೆಯಿತು, ಸದ್ದು ಮಾಡಿದ್ದರೂ ತೊಂದರೆ ಇರಲಿಲ್ಲ.

ಅದಾಗಿ ಎರಡು ವಾರಕ್ಕೆ ಮರದ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದು ಸುತ್ತಿಗೆ ಒಂದೊಂದು ಪುಸ್ತಕ. ಹಳೆಯ ಪುಸ್ತಕಗಳು ಜೀವಂತವಾಗಿದ್ದವು. ಒಂದು ಸುತ್ತಿನಲ್ಲಿ ಸರಿ ಇದ್ದದ್ದು ಮುಂದಿನ ಸುತ್ತಿನಲ್ಲಿ ನೋಡಬೇಕು, ಅದರ ಮುಂದೆ ಕಡಿಯಬೇಕು. ಕೊನೆಯ ನಾಲ್ಕು ಪುಸ್ತಕಗಳು ಮಾತ್ರ ಒಂದರ ನೆರಳು ಒಂದು. ಒಂದು ಮರವೂ ಬದಲಾಗಿರಲಿಲ್ಲ. ಎರಡು ವರ್ಷ ಒಂದು ಮರಕ್ಕೂ ವಯಸ್ಸಾಗಲಿಲ್ಲವೇ ಎಂದುಕೊಂಡು ಬೆರಳಿಟ್ಟು ಇಳಿಯುತ್ತಾ ಹೋದೆ. ಮುನ್ನೂರ ಹದಿನೆಂಟಕ್ಕೆ ಬಂದು ಬೆರಳು ನಿಂತಿತು. ಆ ಮರ ಬಿರುಗಾಳಿಗೆ ಸೀಳಿ, ಅದನ್ನು ಕಡಿದು ಒಂದೂವರೆ ವರ್ಷವಾಗಿತ್ತು. ಕಡಿದವರು ಟಕ್ಕಣ್ಣನೇ ಎಂದು ಬೇರೆ ಕಡತದಲ್ಲಿತ್ತು. ಅದರ ಬೊಡ್ಡೆಯ ಮೇಲೆ ಕೂತು ನಾನೇ ಬೂಟಿನ ದಾರ ಕಟ್ಟಿಕೊಂಡಿದ್ದೆ. ಪುಸ್ತಕದಲ್ಲಿ, ಆಮೇಲಿನ ಮೂರೂ ಸುತ್ತಿನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಮುನ್ನೂರ ಹದಿನೆಂಟು, ಸರಿ.

ಮೊದಲು ನಗು ಬಂತು. ಆಮೇಲೆ ನಾಲ್ಕೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಇವರು ಮರ ಕೇಳಿ ಬರೆದಿಲ್ಲ, ಹಳೆಯ ಪುಸ್ತಕ ನೋಡಿ ಬರೆದಿದ್ದಾರೆ. ಹಾಗಾದರೆ ಈಗ ಹೊರಗೆ ಜನ ಕೂತಿರುವ ಮರಗಳು ಗಟ್ಟಿ ಎಂದು ಹೇಳಿದವರು ಯಾರು?

ಮೇಲ್ವಿಚಾರಕಿಗೆ ಹೇಳಬೇಕಿತ್ತು. ಹೇಳಲಿಲ್ಲ. ಬಂದು ಮೂರು ತಿಂಗಳಾಗದ ನಾನು, ಮೂವತ್ತು ವರ್ಷ ದುಡಿದವರ ಮೇಲೆ ದೂರು ಹೊತ್ತು ಹೋಗುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ಬದಲಿಗೆ ಅವರ ಹೆಂಡತಿಯ ಹತ್ತಿರ ಹೋದೆ. ಅವರು ಬಾಗಿಲ ಬಳಿಯ ಗೂಡಿನಲ್ಲಿ ಕೂತು ಬಂದವರಿಗೆ ವನದ ನಕ್ಷೆ ಕೊಡುತ್ತಿದ್ದರು. ಎಲ್ಲರಿಗೂ ಅವರು ಕಿಟಕಿ ಅಕ್ಕ.

“ಅಕ್ಕ, ಅಣ್ಣನ ಕಿವಿ...” ಅಂದೆ.

ಅವರು ನಕ್ಷೆಗಳ ಕಟ್ಟನ್ನು ಮೇಜಿಗೆ ತಟ್ಟಿ ಅಂಚು ಸಮ ಮಾಡಿದರು. ಆಗಲೇ ಸಮವಾಗಿದ್ದ ಕಟ್ಟನ್ನು ಮತ್ತೆ ಮತ್ತೆ ತಟ್ಟಿದರು.

“ದಿನಾ ಬೆಳಿಗ್ಗೆ ಅಲಾರಂ ಕೂಗಿ ಕೂಗಿ ಸುಸ್ತಾಗಿ ಸುಮ್ಮನಾಗುತ್ತೆ ಕಣಮ್ಮಾ. ನಾನು ತಟ್ಟಿ ಎಬ್ಬಿಸಿದ್ರೆ ‘ಎದ್ದಿದ್ದೆ ಕಣೇ, ಸುಮ್ನೆ ಮಲಗಿದ್ದೆ’ ಅಂತಾರೆ. ಎರಡು ವರ್ಷದಿಂದ ಸುಮ್ನೆ ಮಲಗಿದಾರೆ! ಡಾಕ್ಟರ ಹತ್ರ ಹೋಗೋಣ ಅಂದ್ರೆ, ನಿನ್ನ ಬಾಯಿಗೆ ಔಷಧಿ ಕೇಳು, ನನ್ನ ಕಿವಿ ನೆಟ್ಟಗಿದೆ ಅಂತಾರೆ.”

“ಮೇಡಂಗೆ ಹೇಳಬೇಕಲ್ಲ ಅಕ್ಕ.”

“ಹೇಳಬೇಕು. ಅವರೇ ಹೇಳಲಿ. ನೀನು ಹೇಳಿದ್ರೆ ಅದು ಚಾಡಿ, ನಾನು ಹೇಳಿದ್ರೆ ದ್ರೋಹ.” ದಾರಿಯ ಕಡೆ ನೋಡುತ್ತಾ ಸೇರಿಸಿದರು, “ದಿನಾ ಸಾಯಂಕಾಲ ಇವರು ವಾಪಸ್ ಬರೋವರೆಗೂ, ಯಾರೂ ಓಡಿ ಬಂದು ಏನೂ ಹೇಳದೇ ಇರಲಿ ಅಂತ ಈ ಕಿಟಕೀಲಿ ಕೂತಿರ್ತೀನಿ.”

ಆ ದಿನದಿಂದ ನಾನೂ ಹಾಗೇ ಕಾಯತೊಡಗಿದೆ. ಒಣ ರೆಂಬೆ ಬಿದ್ದ ಸದ್ದಾದರೂ ಕುರ್ಚಿಯಿಂದ ಏಳುತ್ತಿದ್ದೆ. ಮನೆಗೆ ಹೋದರೂ ಕಣ್ಣ ಮುಂದೆ ಆ ದುಂಡಗಿನ ಅಕ್ಷರ: ಸರಿ, ಸರಿ, ಸರಿ.

ಅಷ್ಟರಲ್ಲಿ ಒಂದು ಶಾಲೆಯಿಂದ ಪತ್ರ ಬಂತು. ಮುಂದಿನ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನೂರ ಇಪ್ಪತ್ತು ಮಕ್ಕಳು ಚಿತ್ರ ಬರೆಯಲು ಬರುತ್ತಾರೆ, ಕೂತ ಹೆಂಗಸಿನ ಶಿಲ್ಪದ ಬಳಿ ಜಾಗ ಕೊಡಿ ಎಂದು. ಅದು ನಡುದಾರಿಯ ಕೊನೆಯಲ್ಲಿರುವ ದೊಡ್ಡ ಕಲ್ಲಿನ ಶಿಲ್ಪ. ಅವಳ ಮಡಿಲು ಎಷ್ಟು ಅಗಲವೆಂದರೆ ಐದು ಮಕ್ಕಳು ಒಟ್ಟಿಗೆ ಹತ್ತಿ ಕೂರಬಹುದು. ಅವಳ ತಲೆಯ ಮೇಲೆ ಕೊಡೆ ಹಿಡಿದಂತೆ ನಿಂತದ್ದು ಇನ್ನೂರ ಏಳನೆಯ ಮರ.

ನಾನು ಹೋಗಿ ನೋಡಿದೆ. ಬುಡದಲ್ಲಿ, ಉತ್ತರದ ಕಡೆ, ಮುರಿದ ತಟ್ಟೆಯಂಥ ಕಂದು ಅಣಬೆ. ಅಂಥ ಅಣಬೆ ಎದ್ದ ಮರಕ್ಕೆ ನಮ್ಮಮ್ಮ ಹಸು ಕಟ್ಟುತ್ತಿರಲಿಲ್ಲ. ಮರದ ಆಚೆ ಬದಿಯಲ್ಲಿ ಟಕ್ಕಣ್ಣ ಇದ್ದರು. ಕೊಡತಿಯಿಂದ ತಟ್ಟುತ್ತಾ, ಕೆನ್ನೆಯನ್ನು ತೊಗಟೆಗೆ ಒತ್ತಿ ಕಣ್ಣು ಮುಚ್ಚಿಕೊಂಡಿದ್ದರು. ಮತ್ತೆ ತಟ್ಟಿದರು. ಹಣೆ ಒತ್ತಿದರು. ಕೆನ್ನೆಯಲ್ಲಿ ತೊಗಟೆಯ ಗೆರೆಗಳು ಅಚ್ಚೊತ್ತಿದ್ದವು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ.

ನಾನು ಅವರ ಮುಖದೆದುರು ಹೋಗಿ ನಿಂತು, “ಅಣ್ಣ, ಮುನ್ನೂರ ಹದಿನೆಂಟು,” ಅಂದೆ. ಅಷ್ಟೇ.

ಅವರು ಕೊಡತಿಯನ್ನು ಸೊಂಟಕ್ಕೆ ಸಿಕ್ಕಿಸಲು ಹೋದರು. ಎರಡು ಸಲ ತಪ್ಪಿತು.

ಗುರುವಾರ ಸಂಜೆ ನಾಲ್ಕಕ್ಕೆ ಕಿಟಕಿ ಅಕ್ಕ ನನ್ನನ್ನು ಮನೆಗೆ ಕರೆದರು. ಉಪಕರಣಗಳ ಕೋಣೆಯ ಹಿಂದೆ ಎರಡು ಕೋಣೆಯ ಮನೆ. ಒಂದು ಮಂಚ, ಒಂದು ಮೇಜು, ಗೋಡೆಗೆ ವನದ ಹಳೆಯ ನಕ್ಷೆ. ಒಲೆಯ ಮೇಲೆ ಕೆಟಲ್ ಕಿರುಚುತ್ತಿತ್ತು. ಅದರ ಪಕ್ಕದಲ್ಲೇ ಟಕ್ಕಣ್ಣ ಕೈಕಟ್ಟಿ ಕೂತಿದ್ದರು. ಅಕ್ಕ ಒಳಗಿನಿಂದ ಬಂದು ಒಲೆ ಆರಿಸುವವರೆಗೂ ಅವರ ರೆಪ್ಪೆ ಅಲುಗಲಿಲ್ಲ.

“ಎಲ್ಲ ಮರಾನೂ ಟೊಳ್ಳು ಅಂತಾನೇ ಕೇಳಿಸುತ್ತೆ,” ಎಂದು ಅವರೇ ಶುರು ಮಾಡಿದರು. “ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ತಟ್ಟಿದೆ, ಮಂಕು. ಪಕ್ಕದ್ದು ತಟ್ಟಿದೆ, ಮಂಕು. ಹತ್ತು ತಟ್ಟಿದೆ. ಒಂದು ಊರಿನ ಮರಕ್ಕೆಲ್ಲ ಒಂದೇ ದಿನ ಹುಳ ಹಿಡಿಯುತ್ತಾ? ಆಗ ಗೊತ್ತಾಯ್ತು, ಹುಳ ಹಿಡಿದಿರೋದು ನನಗೆ ಅಂತ. ಎಲ್ಲಾನೂ ಕಡಿಯಬೇಕು ಅಂತ ಬರೆಯೋಕಾಗಲ್ಲ. ಹಳೇ ಪುಸ್ತಕ ನೋಡಿ ಬರೆದೆ. ಒಂದು ಸುತ್ತು ಅಷ್ಟೇ, ಅಷ್ಟರಲ್ಲಿ ಕಿವಿ ಸರಿ ಹೋಗುತ್ತೆ ಅಂದ್ಕೊಂಡೆ. ಹೋಗಲಿಲ್ಲ.”

“ಹೇಳಬಹುದಿತ್ತಲ್ಲ ಅಣ್ಣ.”

“ಏನಂತ? ಕಿವಿ ಇಲ್ಲದ ಟಕ್ಕಣ್ಣ ಅಂದ್ರೆ ಏನು ಉಳೀತು? ಒಂದು ಕೊಡತಿ.”

“ಕೊಡತಿ, ನಾನು,” ಅಂದರು ಅಕ್ಕ, ಲೋಟ ಇಡುತ್ತಾ. ಅವರಿಗೆ ಅದು ಕೇಳಿಸಲಿಲ್ಲ. ಅಕ್ಕ ಎದುರು ಬಂದು ಮತ್ತೆ ಹೇಳಿದರು, “ಕೊಡತಿ, ಮತ್ತೆ ನಾನು!”

ಅವರು ನಗಲಿಲ್ಲ. ನನ್ನ ಕಡೆ ತಿರುಗಿದರು. “ನಾಳೆ ಆ ಮಕ್ಕಳು ಬರೋ ಮುಂಚೆ ಇನ್ನೂರ ಏಳು ಏನು ಹೇಳುತ್ತೆ ಅಂತ ನನಗೆ ಗೊತ್ತಾಗಬೇಕು. ನಿನ್ನ ಕಿವಿ ಒಂದು ಗಳಿಗೆ ಸಾಲ ಕೊಡು.”

ನಾವು ಹೋದೆವು. ಬಿಸಿಲಿನ್ನೂ ಇತ್ತು. ನಾನು ತಟ್ಟಿದೆ. ಮರಕ್ಕೆ ಮರ ತಾಗಿದ ಸದ್ದು, ಅಷ್ಟೇ. ಒಳ್ಳೆಯದೋ ಕೆಟ್ಟದ್ದೋ ನನಗೆ ಹೇಗೆ ಗೊತ್ತಾಗಬೇಕು? ಅವರಿಗೆ ವಿದ್ಯೆ ಇತ್ತು, ಕಿವಿ ಇರಲಿಲ್ಲ. ನನಗೆ ಕಿವಿ ಇತ್ತು, ವಿದ್ಯೆ ಇರಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು.

“ಒಳ್ಳೇದು ಕೆಟ್ಟದ್ದು ಬಿಡು,” ಅಂದರು. “ಇನ್ನೂರ ಐದು ಗಟ್ಟಿ. ಹೋದ ವರ್ಷ ಅದರ ದೊಡ್ಡ ಕೊಂಬೆ ಕಡಿದಾಗ ತಿರುಳು ನಾನೇ ನೋಡಿದೀನಿ. ಮೊದಲು ಅದನ್ನ ತಟ್ಟು, ಆಮೇಲೆ ಇದನ್ನ. ಎರಡೂ ಒಂದೇನಾ, ಬೇರೇನಾ, ಅಷ್ಟು ಹೇಳು.”

ಓಡಾಡಿ ತಟ್ಟಿದೆ. ತಲೆಯ ಎತ್ತರಕ್ಕೆ ಒಂದೇ. ಎದೆಯ ಎತ್ತರಕ್ಕೆ ಒಂದೇ. ಮೊಣಕಾಲಿನ ಎತ್ತರಕ್ಕೆ, ಅಣಬೆಯ ಮೇಲೆ, ಬೇರೆ.

“ಹೇಗೆ ಬೇರೆ?”

“ಅರ್ಧ ನೀರಿರೋ ಕೊಡ ತಟ್ಟಿದ ಹಾಗೆ.”

“ಖಂಡಿತವಾ?”

“ಗೊತ್ತಿಲ್ಲ ಅಣ್ಣ. ಕೊಡ ತಟ್ಟಿದೀನಿ, ಮರ ತಟ್ಟಿಲ್ಲ.”

ಅವರು ಕಲ್ಲಿನ ಹೆಂಗಸಿನ ಮಡಿಲ ಅಂಚಿನಲ್ಲಿ ಕೂತರು. “ಹತ್ತು ವರ್ಷ ನಿಂತ್ರೂ ನಿಲ್ಲಬಹುದು. ನಾಳೆ ಹತ್ತು ಗಂಟೆಗೆ ಬಿದ್ರೂ ಬೀಳಬಹುದು.”

ಆಗ ನಾನೊಂದು ಮಾತು ಹೇಳಿದೆ. ಅದನ್ನು ಮುಚ್ಚಿಡಬಾರದು. “ಇದೊಂದನ್ನ ‘ನೋಡಬೇಕು’ ಅಂತ ತಿದ್ದಿಬಿಡಿ. ಮಕ್ಕಳನ್ನ ಬೇರೆ ಕಡೆ ಕೂರಿಸೋಣ. ಯಾರಿಗೂ ಏನೂ ಗೊತ್ತಾಗಲ್ಲ.”

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಆದ್ದರಿಂದ ಒಂದಕ್ಷರವೂ ತಪ್ಪಿರಲಾರದು. “ಬೇರೆ ಕಡೆ ಅಂದ್ರೆ ಯಾವ ಮರದ ಕೆಳಗೆ?” ಎಂದು ಕೇಳಿದರು.

ಶುಕ್ರವಾರ ನಾನು ಏಳಕ್ಕೆಲ್ಲ ಬಂದೆ. ಮೂರು ದಾರಿಗಳ ಬಾಯಿಗೂ ಹಗ್ಗ ಕಟ್ಟಿತ್ತು. ಕಿಟಕಿ ಅಕ್ಕ ಬಾಗಿಲಲ್ಲಿ ನಿಂತು ನಡೆಯಲು ಬಂದವರನ್ನು ಹಿಂದಕ್ಕೆ ಕಳಿಸುತ್ತಿದ್ದರು. “ಯಾಕಮ್ಮ, ಯಾರಾದ್ರೂ ಮಂತ್ರಿ ಬರ್ತಾರಾ?” ಎಂದು ಒಬ್ಬರು ಕೇಳಿದರೆ, “ಇಲ್ಲ ಸ್ವಾಮಿ, ಇವತ್ತು ಮರಗಳು ರಜೆ ಕೇಳಿವೆ,” ಅಂದರು. ಅವರ ಕೈ ಮಾತ್ರ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು. ಟಕ್ಕಣ್ಣ ಕಚೇರಿಯ ಮೆಟ್ಟಿಲ ಮೇಲೆ, ನಾಲ್ಕು ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮೇಲ್ವಿಚಾರಕಿ ಬಂದರು. ಮೇಜಿನ ಮೇಲೆ ಪುಸ್ತಕಗಳನ್ನು ಬಿಡಿಸಿಟ್ಟು ಟಕ್ಕಣ್ಣ ಎಲ್ಲವನ್ನೂ ಹೇಳಿದರು. ಗಟ್ಟಿಯಾಗಿ ಹೇಳಿದರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಹೊರಗೆ ಹುಲ್ಲಣ್ಣ ಮತ್ತು ಉಳಿದವರು ಎಲ್ಲ ಕೇಳಿಸಿಕೊಂಡರು.

ಮೇಲ್ವಿಚಾರಕಿ ನಾಲ್ಕೂ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿದರು. ಆಮೇಲೆ, “ಪ್ರತಿ ಭಾನುವಾರ ನನ್ನ ಮಗೂನ ಇಲ್ಲೇ ಆಡೋಕೆ ಬಿಡ್ತೀನಿ. ಟಕ್ಕಣ್ಣ ಸರಿ ಅಂದ್ರೆ ಸರಿ ಅಂತ,” ಅಂದರು. “ಯಾಕೆ ಸರಿ ಅಂತ ಬರೆದ್ರಿ?”

“ಬರೆದ ಕೈ ನನ್ನದೇ ಮೇಡಂ. ಕೇಳಿದ ಕಿವಿ ಎರಡು ವರ್ಷ ಹಿಂದಿನದು.”

ಮೇಲ್ವಿಚಾರಕಿ ನನ್ನ ಕಡೆ ತಿರುಗಿದರು. “ನಿನಗೆ ಯಾವಾಗ ಗೊತ್ತಾಯ್ತು?”

“ಒಂಬತ್ತು ದಿನ ಆಯ್ತು ಮೇಡಂ.”

“ಒಂಬತ್ತು ದಿನ,” ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಶಾಲೆಯ ಮಕ್ಕಳು ಅಂದು ಬಾಗಿಲ ಹೊರಗಿನ ಬಯಲಿನಲ್ಲಿ ಕೂತು ಕಚೇರಿಯ ಕಟ್ಟಡದ ಚಿತ್ರ ಬರೆದು ಹೋದರು. ವನ ಐದು ವಾರ ಮುಚ್ಚಿತು. ಮರದೊಳಗೆ ಸೂಜಿಯಂಥ ಸಣ್ಣ ಬೈರಿಗೆ ಇಳಿಸಿ ಪರೀಕ್ಷೆ ಮಾಡುವ ತಜ್ಞರೊಬ್ಬರನ್ನು ಕರೆಸಿದರು. ಆದರೆ ಆರುನೂರು ಚಿಲ್ಲರೆ ಮರಗಳಿಗೂ ಬೈರಿಗೆ ಇಳಿಸುವುದಕ್ಕಾಗುವುದಿಲ್ಲ, ಅನುಮಾನದವನ್ನು ಮೊದಲು ಆರಿಸಿ ಕೊಡಿ ಅಂದರು ಅವರು. ಆರಿಸಿದ್ದು ಕಿಟಕಿ ಅಕ್ಕ. ಜನರಿಲ್ಲದ ಮೇಲೆ ನಕ್ಷೆಯ ಗೂಡಿನಲ್ಲಿ ಅವರಿಗೇನು ಕೆಲಸ? “ಇಪ್ಪತ್ತಾರು ವರ್ಷದಿಂದ ಇವರು ಮನೇಲಿ ಬಾಗಿಲು, ಮೇಜು, ಮಂಚದ ಕಾಲು ಎಲ್ಲಾ ತಟ್ಟಿ ತಟ್ಟಿ ಪಾಠ ಹೇಳಿದಾರೆ. ಬೇಡ ಅಂದ್ರೂ ಬಿಟ್ಟಿಲ್ಲ. ಈಗ ಪರೀಕ್ಷೆ ತಗೊಳ್ಳಿ,” ಎಂದು ಅವರೇ ಮುಂದೆ ಬಂದರು. ಟಕ್ಕಣ್ಣ ತಟ್ಟುವುದು, ಅಕ್ಕ ಕಣ್ಣು ಮುಚ್ಚಿ ಕೇಳುವುದು, ನಾನು ಬರೆದುಕೊಳ್ಳುವುದು. ಮರ ತಟ್ಟಿದಾಗಲೆಲ್ಲ ಅವರು ಹೆಂಡತಿಯ ಮುಖ ನೋಡುತ್ತಿದ್ದರು. ಹಾಗೆ ಆರುನೂರು ಸಲ.

ಇನ್ನೂರ ಏಳರಲ್ಲಿ ನಿಜಕ್ಕೂ ಪೊಳ್ಳಿತ್ತು, ಒಂದು ಬಕೆಟ್ಟಿನಷ್ಟು. ಆದರೆ ಸುತ್ತಲ ಗೋಡೆ ದಪ್ಪಗಿದೆ, ಸದ್ಯಕ್ಕೆ ಭಯವಿಲ್ಲ, ವರ್ಷಕ್ಕೊಮ್ಮೆ ನೋಡಿ ಅಂದರು ತಜ್ಞರು. ನಮ್ಮಿಬ್ಬರ ನಿದ್ದೆ ಕೆಡಿಸಿದ ಮರ ಅದು, ಈಗಲೂ ನಿಂತಿದೆ. ನಾವು ಯಾರೂ ಯೋಚನೆಯನ್ನೇ ಮಾಡದಿದ್ದದ್ದು ನಾನೂರ ಮೂವತ್ತೊಂದು. ಕೊಳವೆಗಳ ಪಕ್ಕದ ಮರ. ಅಣಬೆ ಇಲ್ಲ, ಒಣಗಿದ ಕೊಂಬೆ ಇಲ್ಲ. ಅಕ್ಕ ಕಣ್ಣು ಬಿಟ್ಟು “ಇನ್ನೊಂದ್ಸಲ” ಅಂದರು. ಇನ್ನೊಂದ್ಸಲ ತಟ್ಟಿದರು. ಅಕ್ಕ ಹಿಂದಕ್ಕೆ ಸರಿದರು.

ಬೈರಿಗೆ ನಾಲ್ಕು ಬೆರಳು ಇಳಿಯುವುದರೊಳಗೆ ಸಡಿಲವಾಯಿತು. ಮಾರನೆಯ ದಿನ ಕಡಿದಾಗ ಬೊಡ್ಡೆಯೊಳಗೆ ಒಬ್ಬರು ಇಳಿದು ನಿಲ್ಲುವಷ್ಟು ಖಾಲಿ. ಅದರ ಕೆಳಗೊಂದು ಬೆಂಚಿತ್ತು. ಮಧ್ಯಾಹ್ನ ಕೊಳವೆಗಳ ಶಿಳ್ಳೆ ಕೇಳುತ್ತಾ ಊಟ ಮಾಡುವುದು ಕಿಟಕಿ ಅಕ್ಕನ ಅಭ್ಯಾಸ. ದಿನವೂ ಅವರು ಬುತ್ತಿ ಬಿಚ್ಚುತ್ತಿದ್ದದ್ದು ಆ ಬೆಂಚಿನ ಮೇಲೆ. ನಾಲ್ಕೂ ಪುಸ್ತಕದಲ್ಲಿ ಅದರ ಮುಂದೆ ಸರಿ, ಸರಿ, ಸರಿ, ಸರಿ.

ಟಕ್ಕಣ್ಣ ಬೊಡ್ಡೆಯೊಳಗೆ ಕೈ ಹಾಕಿ ಒಂದು ಹಿಡಿ ಪುಡಿ ತೆಗೆದರು. ಹೆಂಡತಿಯ ಕಡೆ ನೋಡಲಿಲ್ಲ. ಅಂದು ಸಂಜೆಯವರೆಗೂ ಅವರು ಯಾರ ಬಾಯಿಯನ್ನೂ ನೋಡಲಿಲ್ಲ, ಎಂದರೆ ಯಾರ ಮಾತನ್ನೂ ಕೇಳಲಿಲ್ಲ. ಅಕ್ಕ ಮಾತ್ರ ಬುತ್ತಿ ಬಿಚ್ಚಿ, ಬೆಂಚನ್ನು ಬಿಸಿಲಿಗೆ ಎಳೆದುಕೊಂಡು, ಇವರ ಕೈಗೂ ಒಂದು ತುತ್ತು ಇಟ್ಟರು. “ತಿನ್ನಿ. ಬಿದ್ದಿಲ್ಲವಲ್ಲ,” ಅಂದರು.

ಆ ಐದು ವಾರದಲ್ಲೇ ಕಚೇರಿಯಿಂದ ಎಲ್ಲ ಕೆಲಸಗಾರರ ಕಿವಿಯನ್ನೂ ಡಾಕ್ಟರಿಗೆ ತೋರಿಸಿದರು. ಟಕ್ಕಣ್ಣನ ಕಿವಿ ಮತ್ತೆ ಬರುವುದಿಲ್ಲ. ಗರಗಸದ ಸದ್ದು ವರ್ಷಾನುಗಟ್ಟಲೆ ತಿಂದು ಹಾಕಿದೆ, ಸಣ್ಣ ಸದ್ದುಗಳು ಮೊದಲು ಹೋಗುತ್ತವೆ ಎಂದು ಡಾಕ್ಟರು ವಿವರಿಸಿದರು. ಕೇಳಿಸಲಿ ಅಂತಲೇ ಬರಿಗಿವಿಯಲ್ಲಿ ನಿಂತರು, ನಿಂತದ್ದರಿಂದಲೇ ಕೇಳಿಸದಾಯಿತು. ಇದಕ್ಕಿಂತ ಅವರನ್ನು ಇರಿದದ್ದು ಇನ್ನೊಂದು. ಹುಲ್ಲಣ್ಣನ ಕಿವಿಯೂ ಕಾಲು ಭಾಗ ಹೋಗಿತ್ತು. ಅವನಿಗಿನ್ನೂ ಮೂವತ್ತೆಂಟು.

ಹುಲ್ಲಣ್ಣ ಉಪಕರಣಗಳ ಕೋಣೆಯ ಬಾಗಿಲಲ್ಲಿ ಅವರನ್ನು ತಡೆದು ನಿಲ್ಲಿಸಿದ. “ನಿಮ್ಮ ಮಾತು ಕೇಳಿ ಕೇಳೇ ನನ್ನ ಕಿವಿ ಹೋಯ್ತು ದೊಡ್ಡಣ್ಣ,” ಅಂದ. ಅಟ್ಟದ ಕಡೆ ಕೈ ತೋರಿಸಿದ. “ಅಲ್ಲೇ ಇದ್ವು. ಪೊಟ್ಟಣದಲ್ಲೇ. ಹಾಕ್ಕೊಳ್ಳೋಕೆ ಹೋದ್ರೆ ಹೇಡಿ ಅಂದ್ರಿ.”

“ಅಂದಿದ್ದೆ,” ಅಂದರು ಟಕ್ಕಣ್ಣ.

“ಈಗ ಏನು ಹೇಳ್ತೀರಿ?”

ಅವರು ಏಣಿ ಹಾಕಿ ಅಟ್ಟ ಹತ್ತಿದರು. ಪೊಟ್ಟಣಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ದೂಳು ಒರೆಸಿ, ಒಂದನ್ನು ಒಡೆದು ಹುಲ್ಲಣ್ಣನ ಮುಂದೆ ಹಿಡಿದರು. ಅವನು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಅವರು ಹಿಡಿದೇ ನಿಂತಿದ್ದರು. ಕೊನೆಗೆ ಅವನು ಕಿತ್ತುಕೊಂಡು ಹೋದ.

ಹಾಗಾದರೆ ಮರದ ‘ಚಟ್’ ಕೇಳುವವರು ಯಾರು ಎಂಬ ಪ್ರಶ್ನೆ ಉಳಿದೇ ಇತ್ತು. ಕಿವಿ ಮುಚ್ಚಿಕೊಂಡ ಗರಗಸದವನಿಗೆ ಅದು ಕೇಳಿಸದು, ಅದು ಸುಳ್ಳಲ್ಲ. ಅದಕ್ಕೆ ದಾರಿ ಹುಡುಕಿದ್ದು ಟಕ್ಕಣ್ಣನೇ. ಎರಡು ವರ್ಷ ಅವರು ಗಾಳಿಯನ್ನು ಕಣ್ಣಿನಿಂದ ಕೇಳಿದ್ದರು. ಮರ ಬಾಯಿ ಬಿಡುವ ಮೊದಲು ಅದರ ತುದಿ ಒಂದು ಗೇಣು ಅಲುಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಮೇಲ್ವಿಚಾರಕಿ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮರದ ಪುಸ್ತಕವನ್ನು ಮಾತ್ರ ಅವರ ಕೈಯಿಂದ ತೆಗೆದುಕೊಂಡರು. ಅದೀಗ ಕಿಟಕಿ ಅಕ್ಕನ ಹತ್ತಿರ ಇದೆ. ಅನುಮಾನದ ಮರಗಳಿಗೆ ವರ್ಷಕ್ಕೊಮ್ಮೆ ಬೈರಿಗೆಯ ತಜ್ಞರು ಬರುತ್ತಾರೆ.

ಟಕ್ಕಣ್ಣ ಈಗ ಉಪಕರಣಗಳ ಕೋಣೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಏಳಕ್ಕೆ ಬೀಗ ತೆಗೆದು, ಯಂತ್ರ ಒಯ್ಯುವ ಪ್ರತಿಯೊಬ್ಬರೂ ಕಿವಿಗೆ ಕವರ್ ಹಾಕಿಕೊಳ್ಳುವವರೆಗೆ ಬಾಗಿಲು ಬಿಟ್ಟು ಸರಿಯುವುದಿಲ್ಲ. ಮರ ಕಡಿಯುವ ದಿನ ಗರಗಸದವನ ಹಿಂದೆ, ಎರಡಾಳುದ್ದದ ಕೋಲು ಹಿಡಿದು, ಮರದ ತುದಿಯ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ. ತುದಿ ಅಲುಗಿದರೆ ಕೋಲಿನಿಂದ ಅವನ ಭುಜಕ್ಕೆ ಎರಡು ಸಲ ತಟ್ಟುತ್ತಾರೆ.